ಒಂಬತ್ತನೇ ಹಾಳೆಯ ಉಪ್ಪಿನ ಚುಕ್ಕೆ

ತೆಹರಾನ್, ನರ್ಮಕ್
೫ ಆಬಾನ್ ೧೩೮೬, ಶನಿವಾರ ಬೆಳಿಗ್ಗೆ

ನನ್ನ ಕಣ್ಣ ಬೆಳಕೇ, ನೂಶಿನ್,

ಲಕೋಟೆ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಎದುರು ಮನೆಯವರ ಪರದೆಯ ಮೇಲಿನ ಹೂವುಗಳನ್ನೂ ಎಣಿಸಬಲ್ಲೆ. ಬಲಗಣ್ಣು ತನ್ನ ಸರದಿಗೆ ಕಾಯುತ್ತಿದೆ. ಮೊಣಕಾಲುಗಳು ಮೂರನೇ ಮಹಡಿಯನ್ನು ದಿನಕ್ಕೆರಡು ಸಲ ಶಪಿಸುತ್ತವೆ, ನಾನು ಅವುಗಳನ್ನು ಪುಸಲಾಯಿಸುತ್ತ ಹತ್ತುತ್ತೇನೆ. ಇಲ್ಲಿಗೆ ನನ್ನ ಕ್ಷೇಮಸಮಾಚಾರ ಮುಗಿಯಿತು.

ಫೋನ್ ಇರುವಾಗ ಅಮ್ಮನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಕೇಳುತ್ತೀ. ನಿನ್ನೆ ನೀನು ಫೋನ್ ಮಾಡಿದಾಗ ಹೇಳಿಬಿಡಬೇಕೆಂದೇ ಕೂತಿದ್ದೆ. ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಕೆಳಗೆ ಇಟ್ಟುಕೊಂಡಿದ್ದೆ. ನೀನು ಬಾಯಿ ತೆರೆಯಲು ಬಿಟ್ಟರೆ ತಾನೆ! "ಮಾಮಾನ್, ಅಗೆಯೋಕೆ ಪರ್ಮಿಟ್ ಬಂತು! ನಾಲ್ಕು ವರ್ಷ ಅಲೆದಿದ್ದಕ್ಕೆ ಕೊನೆಗೂ ಬಂತು! ಮುಂದಿನ ತಿಂಗಳು, ಆಜರ್‌ನ ಮೊದಲ್ನೇ ವಾರ ಹೊರಡ್ತೀವಿ. ನೂಶ್‌ಗಿರ್ದ್‌ನ ಮೊದಲು ನೋಡೋಳು ನಾನೇ, ಗೊತ್ತಾ?" ಎಂದು ಕೂಗಿದೆ. ನಿನ್ನ ದನಿ ಹತ್ತು ವರ್ಷದವಳ ದನಿಯಾಗಿತ್ತು. ನಾನು ಚೀಟಿ ನೋಡಿದೆ. ಆಮೇಲೆ "ಅಲ್ಲಿ ಚಳಿ ಜಾಸ್ತಿ, ಉಣ್ಣೆ ಕಾಲುಚೀಲ ಇಟ್ಕೋ" ಎಂದೆ. ಅಷ್ಟೇ ಹೇಳಲು ಆದದ್ದು. ಫೋನಿಟ್ಟು ಅಲ್ಲೇ ಕೂತುಬಿಟ್ಟೆ. ಒಲೆಯ ಮೇಲಿದ್ದ ಸಫರ್ಜಲ್ ಹಣ್ಣಿನ ಮುರಬ್ಬ ಕರಕಲಾಗಿ, ಕೆಳಮನೆಯ ಅಖ್ತರ್ ಖಾನುಮ್ ಬಂದು ಬಾಗಿಲು ಬಡಿಯುವವರೆಗೆ ನನಗೆ ಎಚ್ಚರವಿರಲಿಲ್ಲ.

ಇನ್ನು ಸುತ್ತಿ ಬಳಸಿ ಬರೆಯುವಷ್ಟು ತ್ರಾಣ ನನ್ನಲ್ಲಿಲ್ಲ. ಕೂತಿದ್ದೀಯಾ? ಕೂತುಕೋ.

ನೂಶ್‌ಗಿರ್ದ್ ಎಂಬ ಊರು ಇಲ್ಲ. ಯಾವ ದೊರೆಯ ಕಾಲದಲ್ಲೂ ಇರಲಿಲ್ಲ. ಅದನ್ನು ಮಾಡಿದವಳು ನಾನು, ಮೂವತ್ತೊಂದು ವರ್ಷದ ಹಿಂದೆ, ಮಸಿಯಿಂದ.

ಈಗ ನೀನು ಕಾಗದವನ್ನು ಕೆಳಗಿಟ್ಟು ಕೋಣೆಯಲ್ಲಿ ಶತಪಥ ತಿರುಗುತ್ತಿರುತ್ತೀ. ತಿರುಗಿ ಬಾ. ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ, ನಾನೂ ಅಷ್ಟೆ.

ಹೇಗಾಯಿತೆಂದು ಹೇಳುತ್ತೇನೆ. ನಮ್ಮ ನಕ್ಷೆ ಕಚೇರಿಯಲ್ಲಿ ಆಗ ಸಾಸಾನಿ ದೊರೆಗಳ ನಕ್ಷೆಯ ಕೆಲಸ ನಡೆದಿತ್ತು. ನಾನೂರು ವರ್ಷದ ಸಾಮ್ರಾಜ್ಯಕ್ಕೆ ಹದಿನಾಲ್ಕು ಹಾಳೆ. ಕೆಳಗೆ ಬೆಟ್ಟ, ನದಿ, ಮರುಭೂಮಿ ಇರುವ ಒಂದು ತಳದ ಹಾಳೆ. ಅದರ ಮೇಲೆ ಒಂದೊಂದು ಕಾಲದ ಗಡಿಗೆ ಒಂದೊಂದು ಪಾರದರ್ಶಕ ಹಾಳೆ. ಗಾಜಿನ ಮೇಜಿನ ಕೆಳಗೆ ದೀಪ ಉರಿಯುತ್ತಿತ್ತು. ನಾನು ಬೆನ್ನು ಬಗ್ಗಿಸಿ ಗಡಿ ಎಳೆಯುತ್ತಿದ್ದೆ. ಒಬ್ಬ ದೊರೆ ಮೂವತ್ತು ವರ್ಷ ಬಡಿದಾಡಿ ಗೆದ್ದದ್ದನ್ನು ನಾನು ಬೆಳಗಿನ ಚಹಾ ಆರುವುದರೊಳಗೆ ಎಳೆದು ಮುಗಿಸುತ್ತಿದ್ದೆ. ಅವನ ಮಗ ಕಳೆದುಕೊಂಡದ್ದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮುಂದಿನ ಹಾಳೆಯಲ್ಲಿ ಹಿಂದಕ್ಕೆ ಸರಿಸುತ್ತಿದ್ದೆ. ಅರ್ಮೇನಿಯ ಎಷ್ಟು ಸಲ ನಮ್ಮದಾಯಿತು, ಎಷ್ಟು ಸಲ ಹೋಯಿತು, ನನ್ನ ಬೆರಳುಗಳಿಗೇ ಗೊತ್ತು. ಗಡಿ ಎಂದರೆ ನನಗೆ ಆಗಲೇ ದಣಿವು. ಗೆದ್ದವರೂ ದಣಿದಿರಬೇಕು ಎಂದುಕೊಳ್ಳುತ್ತಿದ್ದೆ.

ಕಚೇರಿಗೆ ಹಿರಿಯರು ಉಸ್ತಾದ್ ಜರ್ರಾಬಿ. ನೀನು ಅವರನ್ನು ಕಂಡಿಲ್ಲ, ನಿನಗೆ ನಾಲ್ಕು ತುಂಬುವ ಮೊದಲೇ ಹೋದರು. ಬೆರಳುಗಳ ತುದಿಯಲ್ಲಿ ಸದಾ ಕಪ್ಪು, ತುಟಿಯ ಮೂಲೆಯಲ್ಲಿ ಸದಾ ಕಲ್ಲುಸಕ್ಕರೆ. ನಮ್ಮ ನಕ್ಷೆಗಳನ್ನು ಯಾರು ಯಾರೋ ಕದ್ದು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುತ್ತಿದ್ದ ಕಾಲ ಅದು. ಬೆಟ್ಟ ಎಲ್ಲರ ಬೆಟ್ಟ, ನದಿ ಎಲ್ಲರ ನದಿ, ಕದ್ದದ್ದೆಂದು ತೋರಿಸುವುದು ಹೇಗೆ? ಅದಕ್ಕೆ ಉಸ್ತಾದರ ಕಾಲಕ್ಕೂ ಹಿಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ಪ್ರತಿ ನಕ್ಷೆಯಲ್ಲೂ ಒಂದು ಸುಳ್ಳು ಚುಕ್ಕೆ ಇಡುವುದು, ಅದಕ್ಕೊಂದು ಸುಳ್ಳು ಹೆಸರು ಕೊಡುವುದು. ಆ ಚುಕ್ಕೆ ಬೇರೆಯವರ ಪುಸ್ತಕದಲ್ಲಿ ಕಂಡರೆ ಕಳ್ಳ ಸಿಕ್ಕಿಬಿದ್ದ. ನಾವು ಇದಕ್ಕೆ ಉಪ್ಪು ಹಾಕುವುದು ಎನ್ನುತ್ತಿದ್ದೆವು. "ಬೆಹ್ಜತ್ ಖಾನುಮ್, ಒಂಬತ್ತನೇದಕ್ಕೆ ಉಪ್ಪು ಬಿತ್ತಾ?" ಎಂದು ಉಸ್ತಾದ್ ಕೇಳುವುದನ್ನು ಹೊರಗಿನವರು ಕೇಳಿದ್ದರೆ ನಾವು ಆಷ್ ಸಾರು ಬೇಯಿಸುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು.

ಉಪ್ಪಿಗೂ ಕಟ್ಟುನಿಟ್ಟಿನ ನಿಯಮಗಳಿದ್ದವು. ದಾರಿಯ ಮೇಲೆ ಹಾಕಬಾರದು, ಯಾರಾದರೂ ನಂಬಿ ನಡೆದಾರು. ಗಡಿಯ ಗೆರೆಗೆ ಅಂಟಿಸಿ ಹಾಕಬಾರದು, ಜಗಳವಾದೀತು. ಹಾಕಿದ ಚುಕ್ಕೆಯ ನಟ್ಟನಡುವೆ ಸೂಜಿಯಿಂದ ಒಂದು ತೂತು ಚುಚ್ಚಬೇಕು. ಮೂಲ ಹಾಳೆಯನ್ನು ಬೆಳಕಿಗೆ ಹಿಡಿದರೆ ಉಳಿದ ಊರುಗಳೆಲ್ಲ ಕಪ್ಪಾಗಿರುತ್ತವೆ, ಉಪ್ಪಿನ ಚುಕ್ಕೆಯೊಂದರಲ್ಲಿ ಮಾತ್ರ ಬೆಳಕು ಹಾಯುತ್ತದೆ. ಅಚ್ಚಿನಲ್ಲಿ ಅದು ಕಾಣುವುದಿಲ್ಲ. ಕೊನೆಯ ನಿಯಮ, ಮರುಮುದ್ರಣದ ಹೊತ್ತಿಗೆ ಹಳೆಯ ಉಪ್ಪನ್ನು ಹಾಕಿದವರೇ ಬ್ಲೇಡಿನಿಂದ ಕೆರೆದು ತೆಗೆದು ಬೇರೆ ಕಡೆ ಹೊಸದು ಹಾಕಬೇಕು. ಎಲ್ಲ ಉಪ್ಪಿನ ಲೆಕ್ಕ ಉಸ್ತಾದರ ಹಸಿರು ಪುಸ್ತಕದಲ್ಲಿ ಇರುತ್ತಿತ್ತು. ಆ ಪುಸ್ತಕ ಕ್ರಾಂತಿಯ ವರ್ಷ ಕಚೇರಿ ಖಾಲಿ ಮಾಡಿ ಬೇರೆಡೆಗೆ ಸಾಗಿಸಿದಾಗ ಎಲ್ಲಿ ಹೋಯಿತೋ. ಯಾರಾದರೂ ಅದರ ಹಾಳೆ ಹರಿದು ಕುಂಬಳಬೀಜ ಕಟ್ಟಿಕೊಟ್ಟಿರಬೇಕು.

ಒಂಬತ್ತನೇ ಹಾಳೆ ಎಂದರೆ ಪೀರೂಜ್ ದೊರೆ ಪೂರ್ವದ ಯುದ್ಧದಲ್ಲಿ ಸತ್ತ ಮೇಲಿನ ಕಾಲದ್ದು. ನಾನು ನಿನಗೆ ಹೇಳಬೇಕೆ, ನೀನು ಅದನ್ನು ಅರೆದು ಕುಡಿದವಳು. ದೊರೆ ಹೋದ, ಸೈನ್ಯ ಹೋಯಿತು, ಪೂರ್ವದ ಗಡಿ ಹಿಂದೆ ಸರಿಯಿತು. ನಾನು ಗೆರೆಯನ್ನು ಪಶ್ಚಿಮಕ್ಕೆ ತಂದೆ. ಗೆರೆಯಾಚೆ ಖಾಫ್ ಊರಿನ ಪೂರ್ವಕ್ಕೆ ಅಂಗೈಯಗಲದ ಖಾಲಿ ಜಾಗ ಉಳಿಯಿತು, ಊರಿಲ್ಲ, ದಾರಿಯಿಲ್ಲ, ಗಾಳಿಯೊಂದೇ. ಉಪ್ಪಿಗೆ ಹೇಳಿ ಮಾಡಿಸಿದ ಜಾಗ. ಕಣ್ಣು ಮುಚ್ಚಿ ಸೂಜಿ ಚುಚ್ಚಿದೆ. ನೀನಾಗ ಆರು ತಿಂಗಳು, ನನ್ನ ಹೊಟ್ಟೆ ಮೇಜಿನ ಅಂಚಿಗೆ ತಾಗಿ ನಾನು ಓರೆಯಾಗಿ ಕೂತು ಎಳೆಯುತ್ತಿದ್ದೆ. ಹುಟ್ಟುವುದು ಹೆಣ್ಣೇ, ಹೆಸರು ನೂಶಿನ್ ಎಂದು ನಿನ್ನ ಬಾಬಾ ಅಷ್ಟರಲ್ಲಿ ಹಟ ಹಿಡಿದಾಗಿತ್ತು. ನಾನು ಆ ಹೆಸರಿನ ಮೊದಲರ್ಧಕ್ಕೆ ಗಿರ್ದ್ ಸೇರಿಸಿದೆ. ಗಿರ್ದ್ ಸೇರಿಸಿದರೆ ಯಾವ ಹೆಸರಾದರೂ ಹಳೆಯ ದೊರೆ ಕಟ್ಟಿಸಿದ ಊರಿನ ಹಾಗೆ ಕೇಳುತ್ತದೆ. ಉಸ್ತಾದ್ ಕನ್ನಡಕ ಮೇಲೆತ್ತಿ ನನ್ನ ಹೊಟ್ಟೆ ನೋಡಿದರು, ಹಾಳೆ ನೋಡಿದರು, "ಮುಬಾರಕ್ ಆಗ್ಲಿ, ಮಗು ಹುಟ್ಟೋಕ್ಮುಂಚೆನೇ ಜಹಗೀರು ಕೊಟ್ಬಿಟ್ರಿ" ಎಂದರು. ಅಚ್ಚಾದ ಹಾಳೆಯ ಮೂಲೆಯಲ್ಲಿ ವರ್ಷ ೨೫೩೫ ಎಂದಿದೆ, ನೋಡಿರುತ್ತೀ. ಆಗ ರಾಜರು ವರ್ಷದ ಎಣಿಕೆಯನ್ನೇ ಬದಲಿಸಿ ೧೩೫೫ನ್ನು ೨೫೩೫ ಮಾಡಿದ್ದರು. ಎರಡು ವರ್ಷಕ್ಕೆ ಅದೂ ಹೋಯಿತು.

೧೩೫೭ರ ವಸಂತದಲ್ಲಿ ಮರುಮುದ್ರಣವಾಯಿತು. ನಾನು ಆ ಉಪ್ಪನ್ನು ಕೆರೆಯಬೇಕಿತ್ತು. ಕೆರೆಯಲಿಲ್ಲ. ನಿನಗೆ ದಡಾರ ಎದ್ದು ಮೈಯೆಲ್ಲ ಕೆಂಡವಾಗಿತ್ತು, ಮನೆಗೆ ಓಡುವ ಆತುರದಲ್ಲಿ ಮರೆತೆ. ಸದ್ಯಕ್ಕೆ ಹಾಗೆಂದು ನಂಬು.

ಇಷ್ಟೇ ಆಗಿದ್ದರೆ ಇದು ನಗುವ ಕಥೆ. ಈಗ ನನ್ನ ನಿಜವಾದ ತಪ್ಪಿಗೆ ಬರುತ್ತೇನೆ. ಚಹಾ ಮಾಡಿಕೊಂಡು ಬಂದು ಮುಂದುವರಿಸುತ್ತೇನೆ.

ಬಂದೆ. ೧೩೭೦ರಲ್ಲಿ, ಯುದ್ಧ ಮುಗಿದು ಮೂರು ವರ್ಷವಾಗಿತ್ತು, ಕಚೇರಿಗೆ ಒಬ್ಬ ಪ್ರೊಫೆಸರ್ ಬಂದರು. ಕೈಯಲ್ಲಿ ಗಜ್ ಮಿಠಾಯಿಯ ಪೆಟ್ಟಿಗೆ, ಮೈತುಂಬ ವಿನಯ. ಈಗ ನಿನ್ನ ಪ್ರಬಂಧಕ್ಕೆ ಗುರುಗಳಾಗಿರುವ ಡಾಕ್ಟರ್ ಮೋತಮೆದಿಯವರೇ. ಆಗ ಅವರ ತಲೆಯಲ್ಲಿ ಕೂದಲಿತ್ತು. ಸಾಸಾನಿ ಗಡಿಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ಒಂಬತ್ತನೇ ಹಾಳೆಯ ಅಚ್ಚುಪ್ರತಿ ಹರಡಿ ಬೆರಳಿಟ್ಟು, "ಬೆಹ್ಜತ್ ಖಾನುಮ್, ಈ ನೂಶ್‌ಗಿರ್ದ್ ಬೇರೆಲ್ಲೂ ಸಿಗ್ತಿಲ್ವಲ್ಲ. ಇದಕ್ಕೆ ಆಧಾರ ಏನು?" ಎಂದು ಕೇಳಿದರು. ಪಕ್ಕದಲ್ಲಿ ನಮ್ಮ ಹೊಸ ಮೇಲಧಿಕಾರಿ ನಿಂತಿದ್ದ. ಹಳೆಯ ಕಾಲದವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದವನು. ಉಳಿದವಳು ನಾನೊಬ್ಬಳು. ಅವನ ಎದುರು ನಾನು ಏನು ಹೇಳಲಿ? ಶಾಲೆಯ ಪುಸ್ತಕಗಳಲ್ಲೆಲ್ಲ ಅಚ್ಚಾದ ನಮ್ಮ ನಕ್ಷೆಯಲ್ಲಿ ಬೇಕೆಂದೇ ಹಾಕಿದ ಸುಳ್ಳೊಂದಿದೆ, ಹಾಕಿದವಳು ನಾನೇ, ತೆಗೆಯಲಿಲ್ಲ ಎನ್ನಲೇ?

"ಉಸ್ತಾದ್ ಜರ್ರಾಬಿಯವ್ರು ಯಾವ್ದೋ ಹಳೇ ಅರ್ಮೇನಿಯನ್ ಭೂಗೋಳದಲ್ಲಿ ನೋಡಿದ್ರಂತೆ" ಎಂದೆ.

ನೂಶಿನ್, ಅಷ್ಟು ಹೇಳಲು ನಾಲ್ಕು ಸೆಕೆಂಡು ಹಿಡಿಯಿತು. ಸತ್ತವರ ಹೆಸರು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ. ಮೋತಮೆದಿಯವರ ಮುಖ ಅರಳಿತು. "ನನಗೆ ಗೊತ್ತಿತ್ತು! ಗೆರೆ ಅಷ್ಟು ಹಿಂದಕ್ಕೆ ಹೋಗಿರೋಕೆ ಸಾಧ್ಯವೇ ಇಲ್ಲ ಅಂತ ನನಗೆ ಗೊತ್ತಿತ್ತು!" ಎಂದರು. ನನಗೆ ಗಜ್ ಕೊಟ್ಟರು, ತಿಂದೆ. ಪಿಸ್ತಾ ಜಾಸ್ತಿಯೇ ಇತ್ತು.

ಎರಡು ವರ್ಷಕ್ಕೆ ಅವರ ಪುಸ್ತಕ ಬಂತು. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ, ದಿವಂಗತ ಉಸ್ತಾದ್ ಜರ್ರಾಬಿಯವರು ಕಂಡಿದ್ದ ಅರ್ಮೇನಿಯನ್ ಹಸ್ತಪ್ರತಿಯ ಆಧಾರದಿಂದ, ಎಂದಿತ್ತು. ಆ ಪುಸ್ತಕದ ನಕ್ಷೆಯಲ್ಲಿ ಚುಕ್ಕೆ ಇನ್ನೂ ಗೆರೆಯ ಹೊರಗೇ ಇತ್ತು. ಆಮೇಲೆ ಬಂದ ಇನ್ನೊಬ್ಬರ ಪುಸ್ತಕದಲ್ಲಿ ಗೆರೆ ಸ್ವಲ್ಪ ಬಾಗಿ ಚುಕ್ಕೆಯನ್ನು ಮುಟ್ಟಿತು. ಮತ್ತೊಂದರಲ್ಲಿ ಚುಕ್ಕೆಯನ್ನು ಒಳಗೆ ಸೇರಿಸಿಕೊಂಡಿತು. ಹೋದ ವರ್ಷ ನೌರೋಜ್ ಹಬ್ಬಕ್ಕೆ ನೀನೇ ನನಗೆ ಕಳಿಸಿದ ದೊಡ್ಡ ಸಂಪುಟವಿದೆಯಲ್ಲ, ಅದರಲ್ಲಿ ಆ ಇಡೀ ಪ್ರದೇಶಕ್ಕೆ ಸಾಮ್ರಾಜ್ಯದ ನೇರಳೆ ಬಣ್ಣ ತುಂಬಿದ್ದಾರೆ. ಪೀರೂಜ್ ಪ್ರಾಣ ಕೊಟ್ಟು ಉಳಿಸಿಕೊಳ್ಳಲಾಗದ ನೆಲವನ್ನು ನಿನ್ನ ಅಮ್ಮ ಒಂದು ಹನಿ ಮಸಿಯಲ್ಲಿ ಗೆದ್ದುಕೊಟ್ಟಳು. ಆ ಪುಟ ತೆರೆದು ನಾನು ಒಬ್ಬಳೇ ನಕ್ಕೆ. ಆಮೇಲೆ ಸಂಪುಟವನ್ನು ಬೀರುವಿನ ಮೇಲೆ ಹಿಂಬದಿಗೆ ಇಟ್ಟೆ.

ನಿನ್ನಿಂದ ಯಾಕೆ ಮುಚ್ಚಿಟ್ಟೆ? ಇದಕ್ಕೆ ಉತ್ತರ ಬರೆಯಲು ನಿನ್ನೆ ರಾತ್ರಿಯಿಂದ ಮೂರು ಸಲ ಪ್ರಯತ್ನಿಸಿ ಹರಿದು ಹಾಕಿದ್ದೇನೆ. ಒಂದರಲ್ಲಿ ಕಣ್ಣಿನ ಆಪರೇಷನ್ ಇತ್ತು ಎಂದು ಬರೆದಿದ್ದೆ, ಇನ್ನೊಂದರಲ್ಲಿ ಉಸ್ತಾದರ ಮರ್ಯಾದೆ ಎಂದು. ಎರಡೂ ನಿಜ, ಎರಡೂ ಕಾರಣವಲ್ಲ.

ಕಾರಣ ಶುಕ್ರವಾರ.

ನಿನ್ನ ಬಾಬಾ ಹೋಗಿ ಒಂಬತ್ತು ವರ್ಷವಾಯಿತು. ಅವರ ನಲವತ್ತನೇ ದಿನ ಮುಗಿದ ಮಾರನೆಯ ದಿನವೇ ನಾನು ಅವರ ಸರ್ವೆ ಯಂತ್ರವನ್ನು, ಅಳತೆ ಸರಪಳಿಯನ್ನು, ಟೋಪಿಯನ್ನು ಕೂಡ, ಕಚೇರಿಯವರಿಗೆ ಕೊಟ್ಟುಬಿಟ್ಟೆ. ನಿನ್ನನ್ನು ಕೇಳಲಿಲ್ಲ. ನೀನು ಬಂದು ಹಜಾರದ ಮೂಲೆ ಖಾಲಿಯಾಗಿದ್ದು ಕಂಡು, "ನನಗೆ ಅಂತ ಅವ್ರದ್ದು ಒಂದು ತುಣುಕನ್ನಾದ್ರೂ ಬಿಡ್ಲಿಲ್ವಲ್ಲ ನೀನು" ಎಂದು ಹೇಳಿ ಚೀಲ ತೆಗೆದುಕೊಂಡು ಮಶ್‌ಹದ್‌ಗೆ ಹೊರಟುಹೋದೆ. ನಾನು ಅಂದು ನಿನಗೆ ಹೇಳದ ಮಾತೊಂದಿದೆ. ಆ ಯಂತ್ರ ಮೂರು ಕಾಲೂರಿ, ಮೇಲೊಂದು ಬಟ್ಟೆ ಹೊದ್ದು, ಮೂಲೆಯಲ್ಲಿ ನಿಂತಿರುತ್ತಿತ್ತಲ್ಲ. ಅಡುಗೆಮನೆಯಿಂದ ಬರುವಾಗ ಎರಡು ಸಲ ನಾನು ಅದಕ್ಕೆ ಚಹಾ ಬೇಕಾ ಎಂದು ಕೇಳಿದೆ. ಮೂರನೇ ಸಲ ಕೇಳಿದರೆ ಹುಚ್ಚು ಹಿಡಿಯುತ್ತದೆ ಎಂದು ಹೆದರಿ ಕೊಟ್ಟುಬಿಟ್ಟೆ.

ಐದು ವರ್ಷ ನೀನು ನೌರೋಜ್‌ಗೆ ಎರಡು ಮಾತು ಆಡಿ ಫೋನಿಡುತ್ತಿದ್ದೆ. ಹಾಗಿರುವಾಗ ಒಂದು ಶುಕ್ರವಾರ ಮಧ್ಯಾಹ್ನ, ಹಬ್ಬವಿಲ್ಲ ಏನಿಲ್ಲ, ಫೋನ್ ಬಂತು. "ಮಾಮಾನ್! ನಿನ್ನ ನಕ್ಷೇಲಿ ನನ್ನ ಹೆಸರಿನ ಊರಿದೆ! ಡಾಕ್ಟರ್ ತೋರಿಸಿದ್ರು. ನಿಂಗೆ ಗೊತ್ತಿತ್ತಾ?" ಎಂದೆ ನೀನು. ನಾನು "ಏನೋ, ಕಾಕತಾಳೀಯ ಇರ್ಬೇಕು" ಎಂದೆ. ಮುಂದಿನ ಶುಕ್ರವಾರ ನೀನೇ ಮತ್ತೆ ಮಾಡಿದೆ. ಉಸ್ತಾದ್ ಹೇಗಿದ್ದರು, ಹಾಳೆ ಹೇಗೆ ಎಳೆಯುತ್ತಿದ್ದಿರಿ, ಬಾಬಾ ಆಗ ಎಲ್ಲಿ ಸರ್ವೆಗೆ ಹೋಗಿದ್ದರು, ಒಂದೊಂದೇ ಕೇಳಿದೆ. ನಾಲ್ಕು ವರ್ಷ ಒಂದು ಶುಕ್ರವಾರವೂ ತಪ್ಪಲಿಲ್ಲ. ಗುರುವಾರ ಸಂಜೆಯೇ ನಾನು ತಲೆ ಬಾಚಿ ಮಲಗುತ್ತಿದ್ದೆ, ಫೋನಿನಲ್ಲಿ ಕಾಣುತ್ತದೇನೋ ಎಂಬಂತೆ. ಇಲ್ಲದ ಊರೊಂದು ನನಗೆ ಮಗಳನ್ನು ತಂದುಕೊಟ್ಟಿತು. ಅದನ್ನು ಇಲ್ಲವೆನ್ನಲು ನನಗೆ ನಾಲಗೆ ಬರಲಿಲ್ಲ. ನಾನು ಒಳ್ಳೆಯ ತಾಯಿಯಲ್ಲ, ಸ್ವಾರ್ಥಿ. ಇದನ್ನು ಬರೆಯುವಾಗ ಅಳು ಬರುತ್ತಿದೆ, ಆಪರೇಷನ್ ಆದ ಕಣ್ಣಿಗೆ ಅಳು ಕೂಡದು ಎಂದಿದ್ದಾರೆ.

ಆದರೆ ಪರ್ಮಿಟ್ ಬಂದ ಮೇಲೆ ಸುಮ್ಮನಿರುವಂತಿಲ್ಲ. ನೀನು ಹನ್ನೊಂದು ಜನರನ್ನು ಕಟ್ಟಿಕೊಂಡು ಆ ಗಾಳಿಯಲ್ಲಿ ಅಗೆಯುತ್ತೀ. ಏನೂ ಸಿಗುವುದಿಲ್ಲ. ಸಿಗಲಿಲ್ಲವೆಂದು ಇನ್ನೂ ಅಗೆಯುತ್ತೀ, ನಿನ್ನ ಹಟ ನನಗೆ ಗೊತ್ತಿಲ್ಲವೇ, ಅದು ನಿನ್ನ ಬಾಬಾನ ಹಟ. ಮೂವತ್ತನೇ ವಯಸ್ಸಿನಲ್ಲಿ ಬರೆದ ಪ್ರಬಂಧ ಹೊಳೆಗೆ ಹೋಗುತ್ತದೆ. ಇಲ್ಲವೇ, ಅದಕ್ಕಿಂತ ಕೆಟ್ಟದ್ದು, ಯಾವುದೋ ಕುರಿಹಟ್ಟಿಯ ಗೋಡೆ ಸಿಕ್ಕಿ ನೀನು ಅದನ್ನೇ ನೂಶ್‌ಗಿರ್ದ್ ಎಂದುಬಿಡುತ್ತೀ. ಆಗ ನನ್ನ ಸುಳ್ಳು ನಿನ್ನ ಸುಳ್ಳಾಗುತ್ತದೆ.

ಅದಕ್ಕೆ ಹೀಗೆ ಮಾಡಿದ್ದೇನೆ. ಇಂದು ಎರಡು ಕಾಗದ ಬರೆದೆ. ಒಂದು ನಿನ್ನ ಕೈಯಲ್ಲಿದೆ. ಇನ್ನೊಂದು ಮೋತಮೆದಿಯವರಿಗೆ, ಎಲ್ಲವನ್ನೂ ಒಪ್ಪಿಕೊಂಡು, ಸಹಿ ಹಾಕಿ. ನಿನ್ನದನ್ನು ಈಗಲೇ ತುರ್ತು ಅಂಚೆಗೆ ಹಾಕುತ್ತೇನೆ, ಮಂಗಳವಾರ ಸಿಗುತ್ತದೆ. ಅವರದನ್ನು ಮುಂದಿನ ಶನಿವಾರ ಹಾಕುತ್ತೇನೆ. ನಡುವೆ ನಿನಗೆ ಅಷ್ಟು ದಿನ ಇದೆ. ಬುಧವಾರ ರೈಲು ಹತ್ತಿ ಇಲ್ಲಿಗೆ ಬಾ. ಕಚೇರಿಯ ಉಗ್ರಾಣದಲ್ಲಿ ಮೂಲ ಹಾಳೆಗಳು ತಗಡಿನ ಕೊಳವೆಗಳಲ್ಲಿ ಇನ್ನೂ ಇವೆ, ನಾನು ವಿಚಾರಿಸಿದ್ದೇನೆ. ಒಂಬತ್ತನೆಯದನ್ನು ಕೇಳಿ ತೆಗೆಸು, ಕಿಟಕಿಗೆ ಹಿಡಿ. ಊರುಗಳ ನಡುವೆ ಒಂದರಲ್ಲಿ ಮಾತ್ರ ಬೆಳಕು ಹಾಯುತ್ತದೆ. ಅದರ ಫೋಟೋ ತೆಗೆದುಕೊಂಡು ಹೋಗಿ ಡಾಕ್ಟರಿಗೆ ನೀನೇ ಮೊದಲು ತೋರಿಸು. ನೀನು ಹೇಳಿದರೆ ತಪ್ಪನ್ನು ಪತ್ತೆ ಮಾಡಿದವಳಾಗುತ್ತೀ, ನಾನು ಹೇಳಿದರೆ ಮೋಸಹೋದವಳಾಗುತ್ತೀ. ನನ್ನ ಹೆಸರನ್ನು ಉಳಿಸಲು ಹೋಗಬೇಡ. ಆ ಹೆಸರಿನಿಂದ ಈಗ ನನಗೆ ಆಗಬೇಕಾದ್ದು ಏನೂ ಇಲ್ಲ, ಪಿಂಚಣಿಯ ಸಾಲಿನಲ್ಲಿ ನನ್ನನ್ನು ಕರೆಯುವುದು ನಂಬರಿನಿಂದ.

ಮೋತಮೆದಿಯವರು ಮುದುಕರಾಗಿದ್ದಾರೆ, ಅವರಿಗೆ ನೋವಾಗುತ್ತದೆ. ಅವರಿಗೆ ಹೇಳುವಾಗ ಕೂರಿಸಿ ಹೇಳು. ಅವರು ಕಳ್ಳರಲ್ಲ, ಕೇಳಿಯೇ ತೆಗೆದುಕೊಂಡವರು. ಉಪ್ಪು ಕಳ್ಳರಿಗೆಂದು ಹಾಕಿದ್ದು. ಪ್ರಾಮಾಣಿಕವಾಗಿ ಬಂದು ಕೇಳಿದವರೇ ಅದರಲ್ಲಿ ಸಿಕ್ಕಿಬಿದ್ದರು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೊರೆಯುತ್ತದೆ.

ನಿನಗೆ ಸಮಾಧಾನ ಹೇಳುವುದು ಹೇಗೆಂದು ಗೊತ್ತಿಲ್ಲ. ಪೀರೂಜ್‌ನ ಗಡಿಯ ಬದಲು, ಗೆರೆಯೊಂದು ಮೂವತ್ತು ವರ್ಷದಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಹೇಗೆ ಬಾಗಿತು ಎಂಬುದನ್ನೇ ನೀನು ಬರೆಯಬಹುದೇನೋ. ಅದಕ್ಕೆ ಬೇಕಾದ ಸಾಕ್ಷಿ ನಾನು ಬದುಕಿದ್ದೇನೆ. ಅದು ಪ್ರಬಂಧವಾಗುತ್ತದೋ ಇಲ್ಲವೋ ನಿನಗೆ ಗೊತ್ತು, ನಾನು ಗೆರೆ ಎಳೆದವಳು ಅಷ್ಟೆ. ಮುಂದಿನ ಶುಕ್ರವಾರ ನೀನು ಫೋನ್ ಮಾಡುತ್ತೀಯೋ ಇಲ್ಲವೋ ಎಂದು ಕೇಳುವುದಿಲ್ಲ. ಮಾಡದಿದ್ದರೆ ಅದು ನನಗೆ ಸಲ್ಲಬೇಕಾದದ್ದೇ. ಆದರೂ ಫೋನಿನ ಹತ್ತಿರ ಕೂತಿರುತ್ತೇನೆ, ಒಲೆ ಆರಿಸಿ.

ಮುರಬ್ಬದಲ್ಲಿ ಸುಡದೆ ಉಳಿದದ್ದು ಅರ್ಧ ಸೀಸೆ. ನಿನಗೆಂದೇ ತೆಗೆದಿಟ್ಟಿದ್ದೇನೆ.

ನಿನ್ನ ತಲೆಯನ್ನು ಎದೆಗೊತ್ತಿಕೊಂಡು,
ನಿನ್ನ ಮಾಮಾನ್,
ಬೆಹ್ಜತ್

ಮರೆತ ಮಾತು: ಲಕೋಟೆ ಅಂಟಿಸಿ ಮೆಟ್ಟಿಲಿಳಿದವಳು ಎರಡನೇ ಮಹಡಿಯಿಂದ ವಾಪಸು ಹತ್ತಿ ಬಂದೆ. ಮೊಣಕಾಲು ಏನೆಂದಿತು ಎಂದು ಕೇಳಬೇಡ. ಒಪ್ಪಿಕೊಳ್ಳುವ ಕಾಗದದಲ್ಲೂ ಸುಳ್ಳು ಬಿಟ್ಟು ಕಳಿಸುತ್ತಿದ್ದೆ.

ಕಣ್ಣು ಮುಚ್ಚಿ ಚುಚ್ಚಿದೆ ಎಂದು ಬರೆದೆ. ನಾನು ಕಣ್ಣು ಮುಚ್ಚಿ ಯಾವತ್ತೂ ಏನನ್ನೂ ಎಳೆದವಳಲ್ಲ. ಆ ಬೇಸಗೆ ಊರ ಹೆಸರುಗಳನ್ನು ಸರಿನೋಡಲು ನಾನು ನಿನ್ನ ಬಾಬಾನ ಸರ್ವೆ ತಂಡದ ಜೊತೆ ಖಾಫ್ ಕಡೆಗೆ ಹೋಗಿದ್ದೆ. ಜೀಪು ಕೆಟ್ಟಿತು. ಉಳಿದವರು ಬಿಡಿಭಾಗ ತರಲು ಹೋದರು, ನಾವಿಬ್ಬರೂ ಮೂರು ದಿನ ಒಂದು ಬಾವಿಯ ಪಕ್ಕದಲ್ಲಿದ್ದೆವು. ಒಂದು ಹಿಪ್ಪುನೇರಳೆ ಮರ, ನಿಲ್ಲದ ಗಾಳಿ. ಸುತ್ತಲೂ ಉಪ್ಪುನೀರಿನ ನೆಲ, ಆ ಬಾವಿಯೊಂದರಲ್ಲಿ ಸಿಹಿನೀರು. ನಾನು ಬಸುರಿ ಎಂದು ಅವರಿಗೆ ಹೇಳಿದ್ದು ಅಲ್ಲಿ. ಅವರು ಬಕೆಟ್ಟಿನಿಂದಲೇ ನೀರು ಕುಡಿದು, ಗಡ್ಡ ಒರೆಸಿಕೊಂಡು, "ನೂಶ್! ಎಂಥಾ ಸಿಹಿ! ಈ ಬಾವಿಗೆ ಹೆಸರೇ ಇಲ್ವಂತೆ ಬೆಹ್ಜತ್. ಮಗೂಗೂ ಇದಕ್ಕೂ ಸೇರಿಸಿ ಒಂದೇ ಹೆಸರಿಟ್ಬಿಡೋಣ" ಎಂದು ತಮ್ಮ ಅಳತೆ ಪುಸ್ತಕದಲ್ಲಿ ಬರೆದುಕೊಂಡರು. ಒಂಬತ್ತನೇ ಹಾಳೆಯ ಚುಕ್ಕೆ ಇಟ್ಟದ್ದು ಆ ಪುಸ್ತಕದ ಅಳತೆ ನೋಡಿ. ಮರುಮುದ್ರಣದ ದಿನ ನಾನು ಮರೆತಿರಲಿಲ್ಲ. ಬ್ಲೇಡು ಕೈಯಲ್ಲೇ ಇತ್ತು, ನೀನು ಮನೆಯಲ್ಲಿ ಜ್ವರದಲ್ಲಿದ್ದೆ, ನಿನ್ನ ಹೆಸರನ್ನು ಕೆರೆಯಲು ಕೈ ಬರಲಿಲ್ಲ.

ಯಂತ್ರ, ಸರಪಳಿ, ಟೋಪಿ ಕೊಟ್ಟೆ. ಅವರ ಆ ಪುಸ್ತಕವನ್ನು ಕೊಡಲಿಲ್ಲ. ಕಚೇರಿಯವರಿಗೆ ಕಳೆದುಹೋಗಿದೆ ಎಂದೆ, ನಿನಗೆ ಏನೂ ಉಳಿದಿಲ್ಲ ಎಂದೆ, ಒಂಬತ್ತು ವರ್ಷ ನನ್ನ ದಿಂಬಿನ ಕೆಳಗೆ ಇಟ್ಟುಕೊಂಡೆ. ಆ ಪುಟವನ್ನು ಹರಿದು ಇದರೊಳಗೆ ಇಟ್ಟಿದ್ದೇನೆ. ಅಲ್ಲಿ ಊರಿಲ್ಲ, ಅಗೆಯಬೇಡ. ಆದರೂ ಒಮ್ಮೆ ಹೋಗು. ಆಳ ಹದಿನಾಲ್ಕು ಮೀಟರ್ ಎಂದು ಅವರ ಅಕ್ಷರದಲ್ಲೇ ಇದೆ, ಉದ್ದದ ಹಗ್ಗ ತೆಗೆದುಕೊಂಡು ಹೋಗು.